ಎಂಟು ಗ್ರ್ಯಾಮಿಗಿಂತ ದೊಡ್ಡ ಕೆಲಸ

ಅಮೆರಿಕದ ಜಾಝ್ ಲೇಖಕ ಡ್ಯಾನ್ ಮಾರ್ಗನ್‌ಸ್ಟರ್ನ್ 2024ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. 94 ವರ್ಷ ವಯಸ್ಸಾಗಿತ್ತು. ಅವರ ಹೆಸರು ಬಂದಾಗೆಲ್ಲ ಜನ ಮೊದಲು ಹೇಳುವುದು ಎಂಟು ಗ್ರ್ಯಾಮಿ ಪ್ರಶಸ್ತಿಗಳ ವಿಷಯ. ಹಾಡಿದ್ದಕ್ಕಲ್ಲ, ನುಡಿಸಿದ್ದಕ್ಕೂ ಅಲ್ಲ. ಜಾಝ್ ರೆಕಾರ್ಡುಗಳ ಜೊತೆ ಬರುವ ಟಿಪ್ಪಣಿ ಬರೆದದ್ದಕ್ಕೆ! ಹಾಡು ಕೇಳುತ್ತಾ ಕವರ್ ತಿರುಗಿಸಿ ಓದುತ್ತೇವಲ್ಲ, ಅದೇ.

ಗ್ರ್ಯಾಮಿ ಇರಲಿ, ಸಂತೋಷ. ಆದರೆ ನನ್ನ ಪ್ರಕಾರ ಅವರ ದೊಡ್ಡ ಕೆಲಸ ಬೇರೆಯೇ ಇದೆ.

ಮನುಷ್ಯ ಹುಟ್ಟಿದ್ದು 1929ರಲ್ಲಿ, ಮ್ಯೂನಿಕ್‌ನಲ್ಲಿ. ಬೆಳೆದದ್ದು ವಿಯೆನ್ನಾದಲ್ಲಿ. ತಂದೆ ಸೋಮಾ ಮಾರ್ಗನ್‌ಸ್ಟರ್ನ್ ಯಹೂದಿ ಲೇಖಕ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದಾಗ ತಂದೆ ಫ್ರಾನ್ಸಿಗೆ, ತಾಯಿ ಮಗ ಡೆನ್ಮಾರ್ಕಿಗೆ. ಕೋಪನ್‌ಹೇಗನ್‌ನಲ್ಲಿ ಜಾಝ್ ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಅವರ ಸಂಗೀತ ಕಛೇರಿಗೆ ತಾಯಿ ಕರೆದುಕೊಂಡು ಹೋದರು. ಊರು ಬಿಟ್ಟು ಬಂದ ಎಂಟೊಂಬತ್ತು ವರ್ಷದ ಹುಡುಗ, ಎದುರಿಗೆ ಪಿಯಾನೋ ಮುಂದೆ ಕೂತ ಆ ದೊಡ್ಡ ಆಳು. ಹುಚ್ಚು ಹತ್ತಿದ್ದು ಅಲ್ಲಿಂದಲೇ. 1943ರಲ್ಲಿ ಅಲ್ಲಿಂದಲೂ ಓಡಬೇಕಾಯಿತು, ದೋಣಿಯಲ್ಲಿ ಸ್ವೀಡನ್ನಿಗೆ. 1947ರಲ್ಲಿ ಅಮೆರಿಕ. ಹಾಟ್ ಲಿಪ್ಸ್ ಪೇಜ್ ಅನ್ನುವ ಟ್ರಂಪೆಟ್ ವಾದಕರ ಸ್ನೇಹವಾಗಿ ನ್ಯೂಯಾರ್ಕಿನ ಹಾರ್ಲೆಮ್‌ನ ಜಾಝ್ ಕ್ಲಬ್ಬುಗಳ ಬಾಗಿಲು ತೆರೆಯಿತು. ಆಮೇಲೆ ಪತ್ರಿಕೆಗಳು, 1967ರಿಂದ 1973ರವರೆಗೆ 'ಡೌನ್‌ಬೀಟ್' ಅನ್ನುವ ಜಾಝ್ ಪತ್ರಿಕೆಯ ಸಂಪಾದಕತ್ವ.

1976ರಲ್ಲಿ ಅವರು ನ್ಯೂಜರ್ಸಿ ರಾಜ್ಯದ ನ್ಯೂವರ್ಕಿನಲ್ಲಿರುವ ರಟ್ಗರ್ಸ್ ವಿಶ್ವವಿದ್ಯಾಲಯದ ಜಾಝ್ ಅಧ್ಯಯನ ಸಂಸ್ಥೆಗೆ ನಿರ್ದೇಶಕರಾಗಿ ಸೇರಿದರು. ಮಾರ್ಷಲ್ ಸ್ಟರ್ನ್ಸ್ ಅನ್ನುವ ಪ್ರೊಫೆಸರ್ 1952ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ್ದ ಸಂಗ್ರಹ ಅದು. ಮಾರ್ಗನ್‌ಸ್ಟರ್ನ್ ಸುಮಾರು 35 ವರ್ಷ ಅಲ್ಲೇ ಇದ್ದರು. ಇವತ್ತು ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಧ್ವನಿಮುದ್ರಣಗಳಿವೆ. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಅವರ ಕಾಗದಪತ್ರಗಳಿವೆ. ಲೆಸ್ಟರ್ ಯಂಗ್ ನುಡಿಸಿದ ಸ್ಯಾಕ್ಸೊಫೋನ್ ಇದೆ.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಬಾಯಿಮಾತಿನ ಇತಿಹಾಸದ ಟೇಪುಗಳು. ಅಮೆರಿಕ ಸರ್ಕಾರದ ಕಲಾ ನಿಧಿಯ ದುಡ್ಡಲ್ಲಿ 1972ರಲ್ಲಿ ಶುರುವಾದ ಯೋಜನೆ ಅದು, 1979ರಲ್ಲಿ ಈ ಸಂಸ್ಥೆಯ ಕೈಗೆ ಬಂತು. ನಿಯಮ ಸರಳ: 60 ದಾಟಿದ ಕಲಾವಿದರನ್ನು ಕೂರಿಸಿ ಮಾತಾಡಿಸಿ. ಆರೋಗ್ಯ ಕೆಟ್ಟಿದ್ದರೆ 60 ಆಗುವವರೆಗೆ ಕಾಯಬೇಡಿ. ಹೀಗೆ 120 ಜನರ ಮಾತು ಉಳಿಯಿತು. ಎಂಥಾ ವ್ಯವಹಾರಜ್ಞಾನ ನೋಡಿ! ನಮ್ಮಲ್ಲಾದರೆ ಮೊದಲು ಸನ್ಮಾನ, ಶಾಲು, ಏಲಕ್ಕಿ ಹಾರ. ಮಾತಾಡಿಸುವ ಹೊತ್ತಿಗೆ ಅವರಿಗೆ ಕಿವಿ ಕೇಳಿಸುತ್ತಿರುವುದಿಲ್ಲ.

ಕಲಾವಿದರ ಜೊತೆ ಇಷ್ಟು ಸಲುಗೆ ಇಟ್ಟುಕೊಂಡವನು ಎಂಥಾ ವಿಮರ್ಶಕ ಅಂತ ಕೇಳಬಹುದು. ಮಾರ್ಗನ್‌ಸ್ಟರ್ನ್‌ಗೂ ವಿಮರ್ಶಕ ಅನ್ನಿಸಿಕೊಳ್ಳುವುದು ಅಷ್ಟು ಇಷ್ಟವಿರಲಿಲ್ಲ, ಜಾಝ್ ಪರ ವಾದಿಸುವವನು ಅಂದರೆ ಸಾಕಿತ್ತು. ನಾನೂ ಅವರ ಕಡೆಗೇ. ಮೇಲೆಮೇಲೆ ಕೇಳಿ ಅಂಕ ಹಾಕಿ ಹೋಗುವವನ ಕೈಗೆ ಯಾವ ಕಲಾವಿದೆ ತನ್ನ ಕಾಗದಪತ್ರದ ಟ್ರಂಕು ಕೊಡುತ್ತಾಳೆ? ಆ ನಂಬಿಕೆ ಸುಮ್ನೆ ಬರುವುದಿಲ್ಲ. ರಾತ್ರಿಗಟ್ಟಲೆ ಎದುರು ಕೂತು ಕೇಳಿರಬೇಕು.

ನಮ್ಮೂರಿಗೂ ಜಾಝ್‌ಗೂ ನಂಟಿಲ್ಲ ಅಂದುಕೊಳ್ಳಬೇಡಿ. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಒಂದು ಆಲ್ಬಂ ಮಾಡಿದರು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡುಗಾರಿಕೆ. ಆ ಕಾಲದಲ್ಲಿ ಅವರನ್ನೆಲ್ಲ ಒಟ್ಟಿಗೆ ಕೇಳಿದವರು ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಬರೆದು ಕೊಡುವ ಕೆಲಸ ನನ್ನದು.