ಬೈದರೆ ಸಿಪಿಆರ್ ಬರುವುದಿಲ್ಲ

ಇವತ್ತು ನರ್ಸ್‌ಗಳಿಗೆ ಕೋಡ್ ಬ್ಲೂ (ರೋಗಿಯ ಹೃದಯ ನಿಂತಾಗ ಆಸ್ಪತ್ರೆಯಲ್ಲಿ ಕೊಡುವ ತುರ್ತು ಕರೆ) ಮಾಕ್ ಡ್ರಿಲ್ ಪರೀಕ್ಷೆ ಇತ್ತು. ನೋಡಿ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಬೊಂಬೆಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ತುರ್ತು ಚಿಕಿತ್ಸೆ) ಮಾಡಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ ಹುಡುಗಿಗೆ ಪರೀಕ್ಷಕರು ಎಲ್ಲರೆದುರು ಹೇಳಿದ್ದು ಇಷ್ಟೇ: "ನಿಮ್ಮ ಕೈಯಲ್ಲಿ ಪೇಶೆಂಟ್ ಸತ್ತೋದ್ರು ಸಿಸ್ಟರ್. ಮುಂದಿನವರು ಬನ್ನಿ." ಅವಳು ತಲೆ ತಗ್ಗಿಸಿ ಹೊರಗೆ ಹೋದಳು. ಏನು ತಪ್ಪಾಯಿತು ಅಂತ ಅವಳಿಗೆ ಗೊತ್ತೇ ಆಗಲಿಲ್ಲ.

ಇದನ್ನು ಫೀಡ್‌ಬ್ಯಾಕ್ ಅಂತ ದಯವಿಟ್ಟು ಕರೆಯಬೇಡಿ.

ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಅವಳ ವೇಗ ಸರಿಯಾಗಿತ್ತು, ನಿಮಿಷಕ್ಕೆ 100ರಿಂದ 120ರ ಒಳಗೇ. 30 ಸಲ ಒತ್ತಿ 2 ಸಲ ಉಸಿರು ಕೊಡುವ ಲೆಕ್ಕವೂ ತಪ್ಪಲಿಲ್ಲ. ತಪ್ಪಿದ್ದು ಆಳ. ದೊಡ್ಡವರ ಎದೆ ಕನಿಷ್ಠ 5 ಸೆಂಟಿಮೀಟರ್ ಇಳಿಯಬೇಕು, 6 ದಾಟಬಾರದು. ಇವಳು ಒತ್ತಿದಾಗ ಅಷ್ಟು ಇಳಿಯುತ್ತಲೇ ಇರಲಿಲ್ಲ. ಯಾಕೆ? ಹುಡುಗಿ ಕುಳ್ಳಗಿದ್ದಾಳೆ, ಮಂಚ ಎತ್ತರಕ್ಕಿತ್ತು, ಹತ್ತಿ ನಿಲ್ಲೋಕೆ ಸ್ಟೂಲ್ ಇರಲಿಲ್ಲ. ಭುಜ ನೇರವಾಗಿ ಎದೆಯ ಮೇಲೆ ಬರದಿದ್ದರೆ ಮೈಭಾರ ಬೀಳುವುದಿಲ್ಲ, ಬರೀ ತೋಳಿನ ಬಲದಲ್ಲಿ ಎಷ್ಟು ಹೊತ್ತು ಒತ್ತೋಕಾಗುತ್ತೆ? "ಮಂಚ ಇಳಿಸಿಕೊಳ್ಳಿ, ಇಲ್ಲಾಂದ್ರೆ ಸ್ಟೂಲ್ ಕೇಳಿ, ಮೊಣಕೈ ಮಡಚಬೇಡಿ, ಈಗ ಇನ್ನೊಂದು ಸಲ ಒತ್ತಿ ತೋರಿಸಿ" ಅಂದಿದ್ದರೆ ಸಾಕಿತ್ತು.

ಇನ್ನೊಂದು ತಪ್ಪೂ ಇತ್ತು. ಹೃದಯಕ್ಕೆ ಶಾಕ್ ಕೊಡುವ ಯಂತ್ರ ಡಿಫಿಬ್ರಿಲೇಟರ್ ಬಂದಾಗ ಎದೆ ಒತ್ತುವುದನ್ನು ನಿಲ್ಲಿಸಿ ಸುಮ್ನೆ ನಿಂತುಬಿಟ್ಟಳು. 10 ಸೆಕೆಂಡ್‌ಗಿಂತ ಜಾಸ್ತಿ ನಿಲ್ಲಿಸಬಾರದು ಅಂತ ಅವಳಿಗೆ ಗೊತ್ತು. ಆಮೇಲೆ ನಾನೇ ಹೋಗಿ, "ಆಗ ಏನು ಯೋಚನೆ ಮಾಡ್ತಿದ್ದೆಯಮ್ಮಾ?" ಅಂತ ಕೇಳಿದೆ. "ನಮ್ ವಾರ್ಡಲ್ಲಿ ಡಾಕ್ಟ್ರು ಬರೋ ತನಕ ಅದನ್ನ ಮುಟ್ಟೋ ಹಾಗಿಲ್ಲ ಮೇಡಂ" ಅಂದಳು. ನೋಡಿ, ಇದು ಅವಳೊಬ್ಬಳ ತಪ್ಪಾ? ಸಿಪಿಆರ್ ನಡೆಯದೆ ಶಾಕ್ ಒಂದೊಂದು ನಿಮಿಷ ತಡವಾದಂತೆಲ್ಲ ರೋಗಿ ಉಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಬದಲಾಗಬೇಕಾದ್ದು ವಾರ್ಡಿನ ಆ ಪದ್ಧತಿ. ಪರೀಕ್ಷಕರ ಹಾಳೆಯಲ್ಲಿ ಮಾತ್ರ "ತಡ, ಫೇಲ್" ಅಂತಷ್ಟೇ ಬಿತ್ತು. ಯಾಕೆ ಅಂತ ಕೇಳದಿದ್ದರೆ ಇಂಥದ್ದು ಹೊರಗೆ ಬರೋದೇ ಇಲ್ಲ.

"ನಿಜವಾದ ಎಮರ್ಜೆನ್ಸಿಯಲ್ಲಿ ಯಾರು ಮೃದುವಾಗಿ ಮಾತಾಡ್ತಾರೆ? ಈಗಲೇ ಗಟ್ಟಿಯಾಗಲಿ ಬಿಡಿ" ಅನ್ನುತ್ತಾರೆ ಹಿರಿಯರು. ನಾನು ಒಪ್ಪಲ್ಲ. ಬೈಸಿಕೊಂಡವಳು ಗಟ್ಟಿಯಾಗುವುದಿಲ್ಲ, ನೈಟ್ ಡ್ಯೂಟಿಯಲ್ಲಿ ಕೋಡ್ ಬ್ಲೂ ಕರೆಯೋಕೂ ಹಿಂದೆಮುಂದೆ ನೋಡುತ್ತಾಳೆ. ಹಾಗಂತ "ಚೆನ್ನಾಗಿ ಮಾಡಿದ್ರಿ ಸಿಸ್ಟರ್" ಅಂತ ಬೆನ್ನು ತಟ್ಟಿ ಕಳಿಸಿ ಅಂತಲೂ ನಾನು ಹೇಳುತ್ತಿಲ್ಲ, ಅದೂ ಮೋಸವೇ. ಅಮೆರಿಕದ ವೈದ್ಯಕೀಯ ತರಬೇತಿ ಸಂಶೋಧಕಿ ಜೆನ್ನಿ ರುಡಾಲ್ಫ್ ಮತ್ತು ಜೊತೆಗಾರರು 2006ರಲ್ಲೇ ಇದಕ್ಕೊಂದು ದಾರಿ ಬರೆದಿಟ್ಟಿದ್ದಾರೆ: ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಅದು ನಿಮಗೆ ಯಾಕೆ ಮುಖ್ಯ ಅನ್ನಿಸಿತು ಹೇಳಿ, ಆಮೇಲೆ ಅವರ ತಲೆಯಲ್ಲಿ ಏನಿತ್ತು ಅಂತ ನಿಜವಾಗಿ ತಿಳಿಯಲು ಕೇಳಿ. ಇದರಲ್ಲಿ ಕಷ್ಟ ಏನಿದೆ?

"ಟೈಮ್ ಇಲ್ಲ, ಒಂದೇ ದಿನ ಎಲ್ಲರದೂ ಮುಗಿಸಬೇಕು" ಅಂತೀರಾ? ಹಾಗಾದರೆ ಎರಡು ದಿನ ಇಡಿ. ನೈಟ್ ಮುಗಿಸಿ ನಿದ್ದೆಗೆಟ್ಟು ಪರೀಕ್ಷೆಗೆ ಬರುವ ಹುಡುಗಿಯರು ಅವರು, ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಡೋಕಾಗಲ್ವಾ?

ಪರೀಕ್ಷಕರಾಗಿ ಹೋಗುವ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ತಪ್ಪು ಹೇಳಿ, ಅಂಕಿ ಸಮೇತ ಹೇಳಿ, ಆದರೆ ಪಕ್ಕಕ್ಕೆ ಕರೆದು ಹೇಳಿ. ಸರಿಯಾಗಿ ಒತ್ತುವ ತನಕ ಅವಳನ್ನು ಬೊಂಬೆಯ ಹತ್ತಿರದಿಂದ ಕಳಿಸಬೇಡಿ.