ವಾಕಿಂಗಿಗೆ ಬಂದು ನಿಂತವರು

ಬೆಳಗಿನ ಆರು ಗಂಟೆಗೆ ಕಾರವಾರದ ಟಾಗೋರ್ ಕಡಲತೀರ ನೋಡಬೇಕು. ನಿವೃತ್ತರೆಲ್ಲ ಬಿಳಿ ಬೂಟು ಬಿಗಿದುಕೊಂಡು ಹಾಜರು. ಊರಿಗೂರೇ ನಡೆಯುತ್ತಿದೆ ಅನ್ನಿಸುತ್ತದೆ. ಐದು ನಿಮಿಷ ಕಣ್ಣಿಟ್ಟರೆ ಗೊತ್ತಾಗುತ್ತದೆ, ಅರ್ಧ ಜನ ನಿಂತಿದ್ದಾರೆ. ಉಳಿದರ್ಧ ಅವರಿಂದ ಕೈ ಬಿಡಿಸಿಕೊಳ್ಳುತ್ತಿದ್ದಾರೆ.

ಪ್ರತಿ ಗುಂಪಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಡೆಯುತ್ತ ಮಾತಾಡಲು ಇವರಿಗೆ ಬಾರದು. “ಅಲ್ಲ ಮಾಸ್ತರೇ” ಅಂದರೆ ಬ್ರೇಕ್ ಬಿತ್ತೆಂದೇ ಅರ್ಥ. ಮೊದಲು ಮೊಣಕೈ ಹಿಡಿಯುತ್ತಾರೆ. ಆಮೇಲೆ ದಾರಿಗೆ ಅಡ್ಡ ಬಂದು ನಿಲ್ಲುತ್ತಾರೆ. ವಿಷಯ ತುಟ್ಟಿಭತ್ಯೆ (ಡಿಎ) ಆದರೆ ಎರಡು ನಿಮಿಷ. ಕಮ್ಯುಟೇಶನ್, ಅಂದರೆ ಮುಂಗಡವಾಗಿ ಇಡಿಗಂಟು ಪಡೆದ ಪಿಂಚಣಿಯ ಪಾಲು, ಅದರ ಕಡಿತ 15 ವರ್ಷ ಯಾಕೆ ಎಂಬುದಾದರೆ ಸೂರ್ಯ ಗುಡ್ಡ ಹತ್ತಿ ಈಚೆ ಬರುವ ತನಕ. “ಆಯ್ತು, ನಡೀರಿ” ಅಂತ ಎಂಟು ಹೆಜ್ಜೆ. ಮತ್ತೆ “ಅಲ್ಲ ಮಾಸ್ತರೇ”. ಇದೇ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಇವರು 62 ಹೆಜ್ಜೆ ಹಾಕಲಿ ನೋಡೋಣ!

ನಿಂತರೆ ಏರುತ್ತಿದ್ದ ಎದೆಬಡಿತ ಇಳಿಯುತ್ತದೆ, ಬಂದದ್ದೇ ದಂಡ. ವಾರಕ್ಕೆ ಕನಿಷ್ಠ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮಧ್ಯಮ ಬಿರುಸಿನ ನಡಿಗೆಗೆ. ಅಂದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ; ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಇವರ ವೇಗದಲ್ಲಿ ಒಂದು ತಾಳಮದ್ದಲೆಯನ್ನೇ ಮುಗಿಸಬಹುದು.

ಇಷ್ಟಾದರೂ ಫೋನು ತೋರಿಸುವುದು ಇವರ ಹೆಜ್ಜೆಯೇ ಜಾಸ್ತಿ ಅಂತ! ಅದರೊಳಗಿನ ಸಂವೇದಕಕ್ಕೆ ತಿಳಿಯುವುದು ಅಲುಗಾಟ ಮಾತ್ರ. ಫೋನು ಹಿಡಿದ ಕೈ ಬೀಸಿ ಸರಕಾರವನ್ನು ಬೈದರೆ ಅದೂ ಜಮಾ. ದಿನಕ್ಕೆ 10,000 ಹೆಜ್ಜೆ ಎಂಬುದಾದರೂ ವೈದ್ಯರು ಬರೆದುಕೊಟ್ಟ ಲೆಕ್ಕವೇನಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಮಾನ್ಪೋ-ಕೇ’, ಹತ್ತು ಸಾವಿರ ಹೆಜ್ಜೆಯ ಮಾಪಕ, ಅಂತ ಹೆಸರಿಟ್ಟು ಮಾರಿತು. ಅದನ್ನೇ ನಾವು ವ್ರತ ಮಾಡಿಕೊಂಡಿದ್ದೇವೆ.

ಮರಳಿನ ವಿಷಯ ಯಾರೂ ಹೇಳುವುದಿಲ್ಲ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಎಳೆಯುತ್ತದೆ, ಶ್ರಮ ದುಪ್ಪಟ್ಟು. ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿ, ಆದರೆ ಓರೆ. ನೀರಿನ ಕಡೆಯ ಕಾಲು ತಗ್ಗಿನಲ್ಲಿ ಬೀಳುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಎರಡೂ ಸೊಂಟಕ್ಕೆ ಸಮಪಾಲು. ಹೋಗುವಾಗ ಮರಳು, ಬರುವಾಗ ರಿಕ್ಷಾ ಎಂದರೆ ನೋವು ಒಂದೇ ಕಡೆಗೆ.

ಜೂನ್ ಬಂತೆಂದರೆ ಅದೂ ಬಂದ್. ಆಗ ಮನೆಯಲ್ಲೇ ಕುರ್ಚಿ: ಎದೆಯ ಮೇಲೆ ಕೈ ಕಟ್ಟಿ ಹತ್ತು ಸಲ ಏಳುವುದು, ಕೂರುವುದು. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತಿಡಿ. ಮಳೆಗಾಲದ ತೇವಕ್ಕೆ ಟೈಲ್ಸ್ ಮೇಲೆ ಅದು ಹಿಂದೆ ಸರಿಯುತ್ತದೆ, ನೀವು ಕೆಳಗೆ. ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದೂ ಬೇಕು. ನಿಲ್ಲುವ ವಿದ್ಯೆ ಲೆಕ್ಕಕ್ಕೆ ಬರುವುದು ಇಲ್ಲೊಂದೇ ಕಡೆ.

ಇವರ ಮಕ್ಕಳು ಒಬ್ಬರು ಬೆಂಗಳೂರು, ಒಬ್ಬರು ಪುಣೆ. ಮೊದಲೆಲ್ಲ ಫೋನಿನಲ್ಲಿ “ಊಟ ಆಯ್ತಾ?” ಅನ್ನುತ್ತಿದ್ದರು, ಈಗ “ಎಷ್ಟು ಸ್ಟೆಪ್ಸ್ ಆಯ್ತು?” ಸಂಖ್ಯೆ ಹೇಳಿದರೆ ಮಾತು ಮುಗಿಯಿತು. ಮಿಕ್ಕ ಇಪ್ಪತ್ಮೂರು ಗಂಟೆಯ ಮಾತನ್ನು ಈ ಒಂದು ಗಂಟೆಯಲ್ಲೇ ಆಡಬೇಕಲ್ಲ. ಅದಕ್ಕೇ ಕೈ ಹಿಡಿಯುತ್ತಾರೋ ಏನೋ. ಆದರೂ ಮೊಣಕೈ ಬಿಡಿ ಮಾರಾಯ್ರೇ!

ಬನ್ಸ್ ಕರಿಯುವ ವಾಸನೆ ಬಂದ ಕೂಡಲೇ ಬಿಡುತ್ತಾರೆ. ಅಲ್ಲಿಂದ ಹೋಟೆಲಿನ ತನಕ ಒಂದೇ ಉಸಿರು, ಒಂದು ಮಾತಿಲ್ಲ, ಹಿಂದೆ ಬೀಳುವವರು ನಾವೇ. ಮೈದಾ, ಬಾಳೆಹಣ್ಣು, ಸಕ್ಕರೆ, ಕರಿಯುವಾಗ ಹೀರಿದ ಎಣ್ಣೆ ಎಲ್ಲ ಸೇರಿದರೆ ಒಂದು ಬನ್ಸೇ ಅರ್ಧ ಗಂಟೆಯ ನಡಿಗೆಯನ್ನು ತಿಂದು ಹಾಕುತ್ತದೆ. ಇವರು ತರಿಸುವುದು ಎರಡು, ಜೊತೆಗೆ ಭಾಜಿ. “ಇವತ್ತು ಹತ್ತು ಸಾವಿರ ದಾಟ್ತು ಮಾಸ್ತರೇ.”