ಬಾಯ್ಲರ್ ಡಾಕ್ಟರುಗಳು

ಬಚ್ಚಲಮನೆಯ ಸೌದೆ ಬಾಯ್ಲರ್ ಹೊಗೆ ಕಾರಿದರೆ ಹೇಗೋ ಸಹಿಸಿಕೊಳ್ಳಬಹುದು. ಆ ಹೊಗೆ ನೋಡಿ ಎದ್ದು ಬರುವ ಡಾಕ್ಟರುಗಳನ್ನು ಸಹಿಸೋದು ಕಷ್ಟ.

ಹುತ್ತರಿ ಹಬ್ಬಕ್ಕೆ ಮನೆ ತುಂಬಾ ನೆಂಟರು. ಹೊರಗೆ ಮಡಿಕೇರಿ ಮಂಜು. ಬಚ್ಚಲ ಒಲೆಗೆ ಬೆಂಕಿ ಹಾಕಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ವಾಪಸ್ಸು. ರಾತ್ರಿಯಿಡೀ ತಣ್ಣಗಾದ ಚಿಮಣಿ ಹೊಗೆಯನ್ನು ಮೇಲಕ್ಕೆ ಎಳೆಯಲ್ಲ. ಮೊದಲು ಒಂದಿಷ್ಟು ಒಣ ಪುರಲೆ, ಕಾಗದ ಉರಿಸಿ ಕೊಳವೆ ಬೆಚ್ಚಗೆ ಮಾಡಬೇಕು. ಆಗಲೂ ಎಳೆಯದಿದ್ದರೆ ಕೊಳವೆಯಲ್ಲಿ ಮಸಿ ಕಟ್ಟಿದೆ, ಇಲ್ಲವೇ ಯಾರೋ ಬೂದಿ ತೆಗೆದಿಲ್ಲ. ವಿಷಯ ಇಷ್ಟೇ. ಆದರೆ ಇಷ್ಟಕ್ಕೇ ಮುಗಿಸಿದರೆ ಡಾಕ್ಟರುಗಳಿಗೆ ಕೆಲಸ ಬೇಡವೇ?

ಬೆಂಗಳೂರಿನ ಭಾವ ಸೋಲಾರ್ ಹಾಕಿಸಿ ಅಂದರು. ಜುಲೈನಲ್ಲಿ ಒಮ್ಮೆ ಬಂದು ನಮ್ಮ ಸೂರ್ಯನನ್ನು ಅವರೇ ಹುಡುಕಿಕೊಡಲಿ. ಇನ್ನೊಬ್ಬರು ಗೀಸರ್ ಅಂದರು. ಲೈನ್ ಮೇಲೆ ಮರ ಬಿದ್ದ ದಿನ ಅದು ಗೋಡೆಗೆ ಅಲಂಕಾರ, ಅಷ್ಟೇ.

ಆಮೇಲೆ ಶುರುವಾಯಿತು ಸೌದೆಯ ಚರ್ಚೆ. ದೊಡ್ಡಪ್ಪನ ಪ್ರಕಾರ ಕಾಫಿ ಸೌದೆ ಬಿಟ್ಟರೆ ಉಳಿದದ್ದು ಸೌದೆಯೇ ಅಲ್ಲ. ಹಳೇ ರೋಬಸ್ಟಾ ಬೊಡ್ಡೆ ಒಂದು ಇಟ್ಟರೆ ಮಧ್ಯಾಹ್ನದವರೆಗೂ ಕೆಂಡ ಇರುತ್ತದಂತೆ. ಸೋದರಮಾವ ಸಿಲ್ವರ್ ಓಕ್ ಪಕ್ಷ. ಸೀಳೋದು ಸುಲಭ, ಬೇಗ ಹಿಡಿಯುತ್ತದೆ. "ಬೇಗ ಬೂದಿನೂ ಆಗುತ್ತೆ" ಅಂದರು ದೊಡ್ಡಪ್ಪ. ಹಾಗಾದರೆ ಹಾಲುವಾಣ ಉರಿಸಿ ಅಂತ ಯಾರೋ ಕಿಚಾಯಿಸಿದರು. ಆ ಮೆತ್ತನೆ ಮರ ನೆರಳಿಗೆ ಸರಿ, ಒಲೆಗೆ ಶುದ್ಧ ದಂಡ. ಸಿಲ್ವರ್ ಓಕ್‌ನಿಂದ ಮಾತು ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ಹೋಯಿತು. ಬಳ್ಳಿಯಿಂದ, ತೋಟ ಪಾಲಾದಾಗ ಆ ಸಾಲು ಯಾರ ಕಡೆಗೆ ಬರಬೇಕಿತ್ತು ಅನ್ನೋದಕ್ಕೆ. ದೊಡ್ಡಮ್ಮ ತಂಬಿಟ್ಟು ತಂದು ಮಧ್ಯೆ ಇಡದಿದ್ದರೆ ಸರ್ವೆ ನಂಬರೂ ಹೊರಗೆ ಬರುತ್ತಿತ್ತು. ಇಬ್ಬರೂ ಕೂತಿದ್ದ ಸೌದೆ ರಾಶಿ ಮಾತ್ರ ಪೂರ್ತಿ ಹಸಿ. ಅದನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಭಾವ ಮತ್ತೆ ಕೂಗಿದರು: "ಬಾಯ್ಲರ್ ಸೋರ್ತಾ ಇದೆ!" ಬಗ್ಗಿ ನೋಡಿದರೆ ನೀರಿನ ನಡುವೆ ಹಾದು ಹೋಗುವ ಹೊಗೆ ಕೊಳವೆಯಿಂದ ಹನಿ ಬಿದ್ದು ಕೆಂಡ ಚುರ್ ಅನ್ನುತ್ತಿತ್ತು. ಸೋರಿಕೆ ಅಲ್ಲ ಸ್ವಾಮಿ. ಒಳಗಿನ ನೀರು ಐಸ್‌ನಂತಿದ್ದಾಗ ಹೊಗೆಯ ತೇವ ಕೊಳವೆಗೆ ತಾಗಿ ಹನಿಯಾಗುತ್ತದೆ. ನೀರು ಕಾದ ಮೇಲೆ ತಾನೇ ನಿಲ್ಲುತ್ತದೆ. ಕಾದ ಮೇಲೂ ಬಿದ್ದರೆ ಆಗ ಬೆಸುಗೆಯವರನ್ನು ಕರೆಯಬೇಕು. ಹೇಳಿದೆ. ಅವರು ಫೋನಿನ ಟಾರ್ಚ್ ಬಿಟ್ಟು ಫೋಟೋ ತೆಗೆಯುತ್ತಿದ್ದರು.

ನೀರು ಕಾದಾಗ ಮೊದಲು ಟವೆಲ್ ಹಿಡಿದು ಹೋದವರೂ ಅವರೇ. ಬಕೆಟ್ ಮೇಲೆ ಬಕೆಟ್ ತೋಡಿಕೊಂಡರು, ಒಂದು ಚೊಂಬು ತಣ್ಣೀರೂ ವಾಪಸ್ಸು ಹುಯ್ಯಲಿಲ್ಲ. ಖಾಲಿ ಬಾಯ್ಲರ್ ಕೆಳಗೆ ಬೆಂಕಿ ಉರಿದರೆ ಬೆಸುಗೆಯೇ ಕರಗುತ್ತದೆ, ಗೊತ್ತಲ್ವಾ? ಬೆಂಗಳೂರಿನಲ್ಲಿ ಗೊತ್ತಿಲ್ಲವಂತೆ.